ನಗೆನಿಯಮಗಳು ನಮ್ಮ ಕೈಯಿಂದಲೇ ಹುಟ್ಟಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ದಿನನಿತ್ಯದ ನಗೆನಿಯಮಗಳು’ ಎಂದು, ನಿತ್ಯದ ಪೇಚುಗಳನ್ನು ನಿಯಮದ ಧಾಟಿಯಲ್ಲಿ ಹೇಳುವ ಹನ್ನೆರಡು ನಗೆಮಾತುಗಳನ್ನು ಅರ್ಧ ಪುಟ ಹಾಕಿದ್ದೀರಿ. ನೋಡಿ ಖುಷಿಯಾಯಿತು. ಆದರೆ ಹನ್ನೆರಡರಲ್ಲಿ ಹತ್ತು ಇಂಗ್ಲಿಷಿನಿಂದ ಎತ್ತಿ ತಂದವು, ಹತ್ತಕ್ಕೂ ‘ಮರ್ಫಿ ನಿಯಮ’ ಎಂದೇ ಹೆಸರು. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು, ಓದಿ ಸುಮ್ಮನಿರಲಾಗಲಿಲ್ಲ.

ಆ ಹತ್ತರಲ್ಲೊಂದಾದ ‘ಎಷ್ಟು ಹೊತ್ತು ಕೊಟ್ಟರೆ ಅಷ್ಟಕ್ಕೂ ಕೆಲಸ ಹಿಗ್ಗುತ್ತದೆ’ ಎಂಬುದು ಮರ್ಫಿಯದಲ್ಲ, ಬ್ರಿಟನ್ನಿನ ಇತಿಹಾಸಕಾರ ಪಾರ್ಕಿನ್ಸನ್ 1955ರಲ್ಲಿ ಬರೆದದ್ದು. ಅವರು ಬರೀ ಚಮತ್ಕಾರದ ಮಾತಾಡಲಿಲ್ಲ, ಲೆಕ್ಕ ಕೊಟ್ಟರು: 1914ರಿಂದ 1928ರ ನಡುವೆ ಬ್ರಿಟನ್ನಿನ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದವು, ನೌಕಾಪಡೆಯ ಕಚೇರಿಯ ಅಧಿಕಾರಿಗಳು ಮಾತ್ರ 2,000ದಿಂದ 3,569ಕ್ಕೆ ಏರಿದರು.

ಮರ್ಫಿಯ ಮಾತೂ ಅಷ್ಟೇ, ಗಾಳಿಯಲ್ಲಿ ಹುಟ್ಟಿದ್ದಲ್ಲ. 1949ರಲ್ಲಿ ಅಮೆರಿಕದ ಒಂದು ವಾಯುನೆಲೆಯಲ್ಲಿ, ಓಡುವ ರಾಕೆಟ್ ಬಂಡಿ ತಟ್ಟನೆ ನಿಂತರೆ ಮನುಷ್ಯನ ಮೈ ಎಷ್ಟು ತಡೆದೀತು ಎಂದು ಪರೀಕ್ಷೆ ನಡೆಯುತ್ತಿತ್ತು. ಅಳೆಯುವ ಸಾಧನಗಳ ತಂತಿಗಳನ್ನು ಯಾರೋ ತಿರುಗಾಮುರುಗಾ ಜೋಡಿಸಿದ್ದರು. ಅಂಕಿಯೇ ಬರಲಿಲ್ಲ. ಎಂಜಿನಿಯರ್ ಎಡ್ವರ್ಡ್ ಮರ್ಫಿ ಆ ಬೇಸರದಲ್ಲಿ ಆಡಿದ ಮಾತು ಬಾಯಿಂದ ಬಾಯಿಗೆ ದಾಟಿ, ಸವೆದು, ‘ಕೆಡುವಂಥದ್ದು ಕೆಟ್ಟೇ ಕೆಡುತ್ತದೆ’ ಎಂದಾಯಿತು.

ನಾನು ಹೇಳಬೇಕೆಂದಿರುವುದು ಇದನ್ನೇ. ನಗೆನಿಯಮಕ್ಕೆ ಜೀವ ಬರುವುದು ಯಾರದೋ ಕೈ ಸುಟ್ಟಾಗ. ಇನ್ನೊಬ್ಬರ ಕೈ ಸುಟ್ಟದ್ದನ್ನು ಅನುವಾದ ಮಾಡಿದರೆ ನಮಗೆ ಬಿಸಿ ತಾಗುವುದಿಲ್ಲ.

ನಮ್ಮ ಮುದ್ರಣಾಲಯದಲ್ಲಿ ಒಂದು ನಿಯಮ ತಾನಾಗಿ ಹುಟ್ಟಿತ್ತು: ‘ತಪ್ಪು ಇರುವುದು ಅತಿ ದೊಡ್ಡ ಅಕ್ಷರದಲ್ಲಿ.’ ಒಮ್ಮೆ ಇನ್ನೂರು ಪುಟದ ಗ್ರಂಥವನ್ನು ಮೂವರು ಮೂರು ಸಲ ಓದಿದೆವು. ಅಡಿಟಿಪ್ಪಣಿಯ ಅಲ್ಪವಿರಾಮವನ್ನೂ ಬಿಡಲಿಲ್ಲ. ಅಚ್ಚಾಗಿ ಬಂದಾಗ ‘ಮುನ್ನುಡಿ’ಯ ಎರಡನೆಯ ಕೊಂಬು ಹಾರಿಹೋಗಿ, ಪುಟದ ನೆತ್ತಿಯ ಮೇಲೆ ‘ಮುನ್ನಡಿ’ ಎಂದಿತ್ತು. ಸಣ್ಣಕ್ಷರವನ್ನು ಕಣ್ಣು ಕೂಡಿಸಿಕೊಂಡು ಓದುತ್ತದೆ, ದೊಡ್ಡದನ್ನು ಗೊತ್ತಿರುವುದೇ ಎಂದು ದಾಟಿಬಿಡುತ್ತದೆ. ಅಂದಿನಿಂದ ಹೊಸಬರು ಯಾರೇ ಬರಲಿ, ಮೊದಲು ಆ ನಿಯಮ ಹೇಳಿ, ಆಮೇಲೆ ಕೆಂಪು ಪೆನ್ನು ಕೊಡುತ್ತಿದ್ದೆವು. ಇದಕ್ಕೊಬ್ಬ ದೂರದ ನೆಂಟನೂ ಇದ್ದಾನೆ: ಬೇರೆಯವರ ಬರಹದ ತಪ್ಪು ಎತ್ತಿ ಬರೆದರೆ ನಿಮ್ಮದರಲ್ಲೂ ಒಂದು ತಪ್ಪು ನುಸುಳಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಪಾದಕ ಜಾನ್ ಬ್ಯಾಂಗ್ಸಂಡ್ 1992ರಲ್ಲಿ ಬರೆದರು. ‘ಮರ್ಫಿ’ಯ ಅಕ್ಷರಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಅದಕ್ಕೆ ‘ಮಫ್ರಿ ನಿಯಮ’ ಎಂದು ಹೆಸರಿಟ್ಟರು. ಈ ಪತ್ರವನ್ನು ನಾನು ನಾಲ್ಕು ಸಲ ಓದಿಯೇ ಕಳಿಸುತ್ತಿದ್ದೇನೆ.

ನಿಯಮ ಮಾತ್ರವಲ್ಲ, ನಿತ್ಯದ ಕಿರಿಕಿರಿಗೆ ಹೆಸರಿಡುವ ಪದಗಳೂ ಹೀಗೇ ಹುಟ್ಟುತ್ತವೆ. ಪದಗಳ ವಿಷಯದಲ್ಲಂತೂ ಕನ್ನಡ ಬಲು ಉದಾರಿ; ಬಾಲ ಜೋಡಿಸಿದರೆ ಸಾಕು, ಹೊಸ ಮಾತು ಎದ್ದು ಓಡಾಡುತ್ತದೆ. ನಮ್ಮ ಮನೆಯವರು ಹಣೆಯ ಮೇಲೆ ಕನ್ನಡಕ ಏರಿಸಿಕೊಂಡೇ ಅದನ್ನು ಮನೆಯೆಲ್ಲ ಹುಡುಕುತ್ತಿದ್ದಾಗ ಮೊಮ್ಮಗಳು, “ತಾತ, ಶುರುವಾಯ್ತಾ ನಿಮ್ಮ ಕನ್ನಡಕಾಯಣ?” ಎಂದಳು. ಆ ಮಾತು ಈಗ ಮನೆಯಲ್ಲಿ ಬೇರೂರಿದೆ. ಬೀಗ ಹಾಕಿ ಹತ್ತು ಹೆಜ್ಜೆ ಹೋದಮೇಲೆ ಮರಳಿ ಬಂದು ಜಗ್ಗಿ ನೋಡುವುದಕ್ಕೆ ನಾವು ‘ಬೀಗಮರುಳು’ ಎನ್ನುತ್ತೇವೆ. ಅರ್ಧ ಗಂಟೆ ಮಾತಾಡಿದ ಮೇಲೂ ಎದುರಿನವರ ಹೆಸರು ನೆನಪಾಗದೆ ಒದ್ದಾಡುವುದು ‘ನಾಮಗಂಡಾಂತರ’. ‘ಹೊರಟೆ’ ಎಂದು ಎದ್ದವರು ಬಾಗಿಲಲ್ಲಿ ನಿಂತು ಅಸಲು ವಿಷಯ ಶುರುಮಾಡುವುದು ‘ಹೊಸ್ತಿಲಹರಟೆ’. ಹೆಸರು ಸಿಕ್ಕಮೇಲೆ ಆ ಕಿರಿಕಿರಿ ಎಷ್ಟೋ ಹಗುರಾಯಿತು. ಮೊದಲು ಸಿಡುಕುತ್ತಿದ್ದ ಜಾಗದಲ್ಲಿ ಈಗ ಇಬ್ಬರೂ ನಗುತ್ತೇವೆ.

ದಯವಿಟ್ಟು ಆ ಅರ್ಧ ಪುಟವನ್ನು ಓದುಗರಿಗೇ ಬಿಟ್ಟುಕೊಡಿ. ಡ್ರೈವರು, ನರ್ಸು, ಮೇಷ್ಟ್ರು, ದರ್ಜಿ ಎಲ್ಲರ ಬಳಿಯೂ ತಮ್ಮ ಕೆಲಸ ಕಲಿಸಿದ ಒಂದು ನಿಯಮ, ಮನೆಯಲ್ಲಿ ಹುಟ್ಟಿದ ಒಂದು ಪದ ಇರುತ್ತದೆ. ಯಾವ ಸಂದರ್ಭದಲ್ಲಿ ಹುಟ್ಟಿತು ಎಂದು ಎರಡು ಸಾಲು ಬರೆಸಿ, ಕಳಿಸಿದವರ ಹೆಸರನ್ನೇ ಕೆಳಗೆ ಹಾಕಿ. ಬಂದ ಪತ್ರಗಳ ಕರಡು ತಿದ್ದಲು ಜನ ಸಾಲದಿದ್ದರೆ ಹೇಳಿಕಳಿಸಿ, ನಾನು ಸಂತೋಷದಿಂದ ಮಾಡಿಕೊಡುತ್ತೇನೆ. ಶೀರ್ಷಿಕೆಯನ್ನೇ ಮೊದಲು ಓದುತ್ತೇನೆ.

ಇತಿ ನಿಮ್ಮ ಓದುಗಿ,
ನಿವೃತ್ತ ಕರಡು ತಿದ್ದುಗಾರ್ತಿ