ಎಲೆಯ ಹಿಂಬದಿಯ ಚುಕ್ಕೆಗಳು

ಪುಟ್ಟೀ,

ನಾಳೆ ರಾತ್ರಿ ನಿನ್ನ ವಿಮಾನ. ಪಕ್ಕದ ಕೋಣೆಯಲ್ಲಿ ನೀನು ಪೆಟ್ಟಿಗೆ ತುಂಬುತ್ತಿರುವ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ಎದ್ದು ಬಂದು ಮಾತಾಡಿಸಬಹುದು, ಆದರೆ ಭಾನುವಾರದ ಜಗಳದ ಮೇಲೆ ನಿನ್ನ ಮುಖ ನೋಡಿಕೊಂಡು ಹೇಳಲು ಧೈರ್ಯ ಸಾಲುತ್ತಿಲ್ಲ. ಅಂದು ನಾನು ಆಡಿದ ಮಾತನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ.

ನೀನು ಮೇಜಿನ ಮೇಲೆ ಬಿಟ್ಟಿದ್ದ ಸಂಶೋಧನೆಯ ಟಿಪ್ಪಣಿಗಳನ್ನು ಮೂರು ರಾತ್ರಿ ಕೂತು ಓದಿದೆ. ಕೇಳದೆ ತೆಗೆದುಕೊಂಡೆ, ಕ್ಷಮಿಸು. ಯುರೆಡಿನಾಪ್ಸಿಸ್. ಜರೀಗಿಡಕ್ಕೆ ತಗಲುವ ತುಕ್ಕು ಶಿಲೀಂಧ್ರಗಳ ಒಂದು ಕುಲ. 1893ರಲ್ಲಿ ಮ್ಯಾಗ್ನಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞರು ಅದಕ್ಕೆ ಹೆಸರಿಟ್ಟರು ಎಂದು ನೀನು ಮೊದಲ ಪುಟದಲ್ಲೇ ಬರೆದಿದ್ದೀಯ. ತುಕ್ಕು ಎಂದರೆ ಕೆಂಪೋ ಕಂದೋ ಇರಬೇಕೆಂದು ನಾನು ತಿಳಿದಿದ್ದೆ. ಈ ತುಕ್ಕಿನ ಬೀಜಾಣು, ಎಂದರೆ ಅದು ಹರಡಲು ಬಿಡುವ ಪುಡಿಯಂಥ ಕಣ, ಬಿಳಿ; ಜರೀ ಎಲೆಯ ಮೇಲೆ ಹುಟ್ಟುವ ಹೆಚ್ಚಿನವಕ್ಕೆ ತುದಿಯಲ್ಲಿ ಪುಟ್ಟ ಕೊಕ್ಕು. ನೀನು ಪೆನ್ಸಿಲ್ಲಿನಲ್ಲಿ ಬಿಡಿಸಿದ ಆ ಕೊಕ್ಕನ್ನು ಎಷ್ಟು ಹೊತ್ತು ನೋಡುತ್ತಾ ಕೂತೆನೋ.

ಅದನ್ನು ನೋಡುತ್ತಿದ್ದಾಗಲೇ ಆ ಹಳೆಯ ಕುಂಡ ನೆನಪಾದದ್ದು. ನಿನಗಾಗ ಏಳು ವರ್ಷ. ಜರೀ ಎಲೆ ತಿರುಗಿಸಿ, "ಅಮ್ಮಾ, ಇಲ್ಲಿ ನೋಡು, ಚುಕ್ಕೆ" ಎಂದು ಕೂಗಿದೆ. ನಡುನರದ ಎರಡೂ ಕಡೆ ಸಾಲಾಗಿ, ಪೋಣಿಸಿಟ್ಟ ಹಾಗೆ ಕಂದು ಚುಕ್ಕೆಗಳು. "ರೋಗ ಅದು, ಮುಟ್ಟಬೇಡ" ಎಂದೆ. ನಿನ್ನ ಬೆರಳು ಉಜ್ಜಿ ಉಜ್ಜಿ ತೊಳೆದೆ. ಗಿಡವನ್ನು ಬೇರುಸಹಿತ ಕಿತ್ತು ಎಸೆದೆ. ನೀನು ಅಳಲಿಲ್ಲ, ಖಾಲಿ ಕುಂಡದ ಹತ್ತಿರ ಸುಮ್ಮನೆ ನಿಂತಿದ್ದೆ.

ಅದು ರೋಗವಾಗಿರಲಿಲ್ಲ. ಗಿಡದ್ದೇ ಬೀಜಾಣುಗಳು, ಅದರ ಮುಂದಿನ ಪೀಳಿಗೆ. ಈಗ ನನಗೆ ಗೊತ್ತು: ಗಿಡದ ಸ್ವಂತ ಚುಕ್ಕೆಗಳು ನರದ ಗುಂಟ ಅಳತೆ ಹಿಡಿದಂತೆ ಕೂತಿರುತ್ತವೆ. ತುಕ್ಕಿನ ಗುಳ್ಳೆಗಳಿಗೆ ಅಂಥ ಸಾಲಿಲ್ಲ, ಅವು ಎದ್ದ ಕಡೆ ಎಲೆ ಹಳದಿಗೋ ಕಂದಿಗೋ ತಿರುಗಿ ಸೊರಗುತ್ತದೆ. ಒಂದು ಭೂತಗನ್ನಡಿ ತಂದು ಒಂದು ನಿಮಿಷ ನೋಡಿದ್ದರೆ ಸಾಕಿತ್ತು. ಆ ಒಂದು ನಿಮಿಷ ನಾನು ಕೊಡಲಿಲ್ಲ. ನೀನು ಅದನ್ನು ಎಂದೂ ಎತ್ತಾಡಿಲ್ಲ. ಬಹುಶಃ ಮರೆತಿದ್ದೀಯ. ನನಗೆ ಮಾತ್ರ ಈ ಮೂರು ರಾತ್ರಿಯೂ ಆ ಖಾಲಿ ಕುಂಡವೇ ಕಣ್ಣಮುಂದೆ. ನೋಡದೆಯೇ ರೋಗ ಎಂದುಬಿಟ್ಟೆ. ಭಾನುವಾರವೂ ಅದನ್ನೇ ಮಾಡಿದೆ.

ನಿನ್ನ ಶಿಲೀಂಧ್ರದ ಬದುಕನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ವಸಂತದಲ್ಲಿ ಅದು ಫರ್ ಮರದ ಎಳೆಯ ಸೂಜಿ ಎಲೆಗಳನ್ನು ಸೇರುತ್ತದೆ. ಅಲ್ಲಿ ಹುಟ್ಟಿದ ಬಿಳಿ ಬೀಜಾಣು ಮತ್ತೆ ಫರ್‌ಗೆ ತಗಲಲಾರದು, ಅದಕ್ಕೆ ಜರೀಗಿಡವೇ ಬೇಕು. ಬೇಸಿಗೆಯೆಲ್ಲ ಜರೀಗಿಡದಿಂದ ಜರೀಗಿಡಕ್ಕೆ ಹರಡಿ, ಕೊನೆಗೆ ಎಲೆಯ ಒಳಗೇ ಇನ್ನೊಂದು ಬಗೆಯ ಬೀಜಾಣು ಕಟ್ಟಿ, ಒಣಗಿ ಬಿದ್ದ ಎಲೆಯಲ್ಲಿ ಚಳಿಗಾಲ ಕಳೆಯುತ್ತದೆ. ವಸಂತಕ್ಕೆ ಅದರಿಂದ ಹೊಮ್ಮಿದ್ದು ಗಾಳಿ ಹಿಡಿದು ಮತ್ತೆ ಫರ್‌ಗೆ. ಗೋಧಿಯ ತುಕ್ಕು ಹೀಗೆ ಎರಡು ಗಿಡಗಳ ನಡುವೆ ಓಡಾಡುತ್ತದೆಂದು ಡಿ ಬಾರಿ ಎಂಬ ಜರ್ಮನ್ ವಿಜ್ಞಾನಿ 1865ರಲ್ಲೇ ತೋರಿಸಿಕೊಟ್ಟಿದ್ದರಂತೆ. ಇದನ್ನು ನಮ್ಮಿಬ್ಬರಿಗೆ ಹೋಲಿಸಿ ಒಂದು ಮಾತು ಬರೆಯೋಣ ಎನ್ನಿಸಿತು. ಬಿಟ್ಟೆ. ಶಿಲೀಂಧ್ರವನ್ನು ಶಿಲೀಂಧ್ರವಾಗಿಯೇ ನೋಡಬೇಕು ಅನ್ನುವವಳು ನೀನು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಜರೀಗಿಡ ಬಹಳ ಪುರಾತನ, ಆದ್ದರಿಂದ ಅದರ ಮೇಲಿನ ತುಕ್ಕೇ ಎಲ್ಲ ತುಕ್ಕುಗಳಿಗೂ ಮೂಲವಿರಬೇಕೆಂದು ವಿದ್ವಾಂಸರು ಬಹುಕಾಲ ಎಣಿಸಿದ್ದರಂತೆ. ಡಿಎನ್ಎ ಹೋಲಿಸಿ ನೋಡಿದಾಗ ಹಾಗಲ್ಲ ಎಂದು ಗೊತ್ತಾಯಿತು. ಆ ಪುಟದ ಅಂಚಿನಲ್ಲಿ ನೀನು ಎರಡು ಗೆರೆ ಎಳೆದಿದ್ದೀಯ. ಅಷ್ಟು ದೊಡ್ಡವರ ಊಹೆಯನ್ನೂ ಪರೀಕ್ಷಿಸಿ ನೋಡುವ ಕೆಲಸಕ್ಕೆ ನನ್ನ ಮಗಳು ಹೊರಟಿದ್ದಾಳೆ. ಇದನ್ನು ಭಾನುವಾರವೇ ಹೇಳಬೇಕಿತ್ತು. ಹೆಮ್ಮೆ ಪುಟ್ಟೀ, ಹೇಳಿಕೊಳ್ಳಲಾರದಷ್ಟು.

ಉಪದೇಶ ಮಾಡಬಾರದೆಂದುಕೊಂಡೇ ಕೂತೆ. ಆದರೂ ಕೇಳು. ಕಾಡಿಗೆ ಒಬ್ಬಳೇ ಹೋಗಬೇಡ. ಫರ್ ಕಾಡಿನಲ್ಲಿ ಕತ್ತಲು ಬೇಗ ಕವಿಯುತ್ತದೆ, ಜರೀಗಿಡ ಬೆಳೆಯುವ ಕಡೆ ನೆಲ ಒದ್ದೆ, ಕಲ್ಲು ಜಾರುತ್ತದೆ. ಎಲ್ಲಿಗೆ ಹೋಗುತ್ತಿ, ಎಷ್ಟು ಹೊತ್ತಿಗೆ ಬರುತ್ತಿ ಎಂದು ಯಾರಿಗಾದರೂ ಹೇಳಿಯೇ ಹೊರಡು. ಎಲೆ ಕಿತ್ತ ಜಾಗದಲ್ಲೇ ಚೀಟಿ ಬರೆ: ದಿನಾಂಕ, ಯಾವ ಗಿಡ, ಹತ್ತಿರ ಫರ್ ಇತ್ತೋ ಇಲ್ಲವೋ. ಕೋಣೆಗೆ ಹೋಗಿ ಬರೆಯುತ್ತೇನೆ ಎಂದರೆ ಅರ್ಧ ಮರೆತಿರುತ್ತೀಯ, ನೀನು ಚಿಕ್ಕಂದಿನಿಂದಲೂ ಹಾಗೆಯೇ. ಒತ್ತಿಟ್ಟ ಎಲೆಗಳ ಕಾಗದ ಒದ್ದೆಯಾದ ಕೂಡಲೇ ಬದಲಾಯಿಸು. ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟು, ಬಟ್ಟೆ ತೊಳೆದುಕೊ. ಕಣ್ಣಿಗೆ ಕಾಣದ ಬೀಜಾಣುವನ್ನು ನೀನೇ ಹೊತ್ತುಕೊಂಡು ಹೋದರೆ ನಿನ್ನ ಲೆಕ್ಕವೇ ಕೆಟ್ಟಿತು. ಇದೆಲ್ಲ ನಿನಗೆ ಗೊತ್ತಿರುವುದೇ ಎಂದು ನನಗೆ ಗೊತ್ತು. ಬರೆಯದಿದ್ದರೆ ಈ ರಾತ್ರಿ ನಿದ್ದೆ ಬರುವುದಿಲ್ಲ, ಅಷ್ಟೇ.

ಈ ಶಿಲೀಂಧ್ರ ಜೀವವಿರುವ ಎಲೆಯನ್ನು ಬಿಟ್ಟು ಬೆಳೆಯುವುದಿಲ್ಲವಲ್ಲ. ಹಾಗಾದರೆ ನೀನು ಜರೀಗಿಡಗಳನ್ನೂ ಸಾಕಬೇಕು. ನೀರು ಹಾಕುವುದನ್ನು ಯಾರ ಮೇಲೂ ಬಿಡಬೇಡ.

ಇನ್ನೊಂದು. ಹೋದ ವರ್ಷ ಆ ಹಳೆಯ ಕುಂಡದ ಬದಿಯಲ್ಲಿ ತಾನಾಗಿ ಒಂದು ಜರೀಗಿಡ ಎದ್ದಿದೆ, ನೀನು ಗಮನಿಸಿದೆಯೋ ಇಲ್ಲವೋ. ಈ ಸಂಜೆ ಎಲೆ ತಿರುಗಿಸಿ ನೋಡಿದೆ. ಸಾಲಾಗಿ ಚುಕ್ಕೆಗಳು, ಇನ್ನೂ ಹಸಿರಾಗಿಯೇ ಇವೆ. ನಿನ್ನ ಹಳೆಯ ಭೂತಗನ್ನಡಿಯನ್ನು ಒರೆಸಿ ಪೆಟ್ಟಿಗೆಯ ಎಡಗಡೆ ಜೇಬಿನಲ್ಲಿಟ್ಟಿದ್ದೇನೆ. ಬೆಳಿಗ್ಗೆ ಬೆಳಕು ಬಂದ ಮೇಲೆ ಅದನ್ನು ತಗೊಂಡು ಕುಂಡದ ಹತ್ತಿರ ಬಾ. ನನಗೂ ತೋರಿಸು.

ನಿನ್ನ
ಅಮ್ಮ