ಐಪಿ ಹಾಕುವ ಮುಂಚೆ ರಾಜಿಗೆ ಪ್ರಯತ್ನಿಸಿ

ಮಾನ್ಯರೆ,

ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರ ಸಂಬಳ ಖಾತೆಗೆ ಬಿದ್ದ ದಿನವೇ ಬೈಕಿನ ಕಂತು, ಮೊಬೈಲ್ ಕಂತು, ಆ್ಯಪ್ ಸಾಲ ಅಂತ ಕರಗಿಹೋಗುತ್ತಿದೆ. ಊಟದ ಹೊತ್ತಿನಲ್ಲಿ ‘ಐಪಿ ಹಾಕಿಬಿಡೋಣ’, ಅಂದರೆ ಸಾಲ ತೀರಿಸಲಾಗದು ಅಂತ ಕೋರ್ಟಿಗೆ ದಿವಾಳಿ ಅರ್ಜಿ ಕೊಡೋಣ ಎನ್ನುವವರು ಈಗ ಜಾಸ್ತಿ.

ತಿಂಗಳ ಸಂಬಳ ಇರುವವರಿಗೆ ಇದು ಕೊನೆಯ ದಾರಿ ಆಗಬೇಕು. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ ಸಾಮಾನ್ಯ ನೌಕರರಿಗೆ ಇನ್ನೂ ಜಾರಿಯಾಗಿಲ್ಲ. ಹಳೇ ಕಾಯ್ದೆ ಹಿಡಿದು ಕೋರ್ಟಿಗೆ ಅಲೆಯಬೇಕು. ಸರ್ಕಾರಿ ನೌಕರರಿಗಂತೂ ನಡತೆ ನಿಯಮದ ತೊಡಕೂ ಇದೆ.

ಸಂಬಳ ಪೂರ್ತಿ ಹೋಗುತ್ತದೆ ಎಂಬ ಭಯವೂ ಬೇಡ. ಸಾಲ ತೀರಿಸಿ ಅಂತ ಕೋರ್ಟಿನ ತೀರ್ಪು (ಡಿಕ್ರಿ) ಆದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಜಪ್ತಿ ಮಾಡುವಂತಿಲ್ಲ. ಮೊದಲು ಬ್ಯಾಂಕಿಗೆ ಹೋಗಿ, ಕಂತು ಇಳಿಸಿ ಅವಧಿ ಹೆಚ್ಚಿಸಿ ಅಂತ ಬರವಣಿಗೆಯಲ್ಲೇ ಕೇಳಿ. ಒಪ್ಪದಿದ್ದರೆ ಲೋಕ್ ಅದಾಲತ್ ಇದೆ, ಶುಲ್ಕವಿಲ್ಲ. ಕಡಿಮೆ ಮೊತ್ತಕ್ಕೆ ರಾಜಿಯಾದರೆ ಸಿಬಿಲ್‌ನ ಸಾಲದ ದಾಖಲೆಯಲ್ಲಿ ಕಪ್ಪು ಗುರುತು ಉಳಿಯುತ್ತದೆ, ನಿಜ. ಆದರೂ ಮನೆಯವರ ನೆಮ್ಮದಿ ದೊಡ್ಡದು ಅಲ್ವಾ?

ಪಾಳಿ ಕೆಲಸ ಬಿಟ್ಟು ಕೋಲಾರದ ಕೋರ್ಟಿಗೆ ಬರುವುದು ಈ ಹುಡುಗರಿಗೆ ಕಷ್ಟ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನರಸಾಪುರದಲ್ಲೇ ಭಾನುವಾರ ಸಾಲ ಸಲಹಾ ಶಿಬಿರ ನಡೆಸಲಿ.

– ಒಬ್ಬ ಕಾರ್ಮಿಕ, ಕೋಲಾರ