ರಾತ್ರಿ ಎಂಟರ ವೇಗವನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ರಸ್ತೆಯ ಗುಂಡಿ, ಬಾರದ ಬಸ್ಸು, ಕೈಕೊಡುವ ಕರೆಂಟು ಎಂದು ಕಾಸರಗೋಡಿನಿಂದ ನಿಮಗೆ ಪತ್ರಗಳು ಬರುತ್ತಲೇ ಇರುತ್ತವೆ. ಮನೆಯ ಇಂಟರ್ನೆಟ್ ಬಗ್ಗೆ ಬರೆಯುವವರು ಕಡಿಮೆ. ಬರೆದರೂ ‘ಭಾರೀ ಸ್ಲೋ’ ಎನ್ನುವಲ್ಲಿಗೆ ಮುಗಿಯುತ್ತದೆ. ಎಷ್ಟು ಸ್ಲೋ, ಯಾವ ಹೊತ್ತಿಗೆ ಸ್ಲೋ ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಇರುವುದಿಲ್ಲ. ಕಂಪೆನಿಯವರಿಗೆ ಅಷ್ಟೇ ಸಾಕು.

ನಾನು ಪೆರ್ಲ ಕಡೆಯವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದೆ. ಈಗ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಕೆಲವು ಮಕ್ಕಳಿಗೆ ಸಂಜೆ ಏಳೂವರೆಗೆ ಆನ್‌ಲೈನ್ ಪಾಠ ಮಾಡುತ್ತೇನೆ. ಮಕ್ಕಳು ಬಾಯಾರು, ಬೆಳ್ಳೂರು, ಸ್ವರ್ಗ ಅಂತ ಚದುರಿ ಹೋದವರು. ಕತ್ತಲಾದ ಮೇಲೆ ಮನೆಗೆ ಬನ್ನಿ ಎನ್ನುವ ಹಾಗಿಲ್ಲ. ನನ್ನದು 50 ಎಂಬಿಪಿಎಸ್‌ನ ಫೈಬರ್ ಕನೆಕ್ಷನ್. ಎಂಟಾಗುವಷ್ಟರಲ್ಲಿ ‘ಟೀಚರ್, ಕೇಳ್ತಾ ಇಲ್ಲ’ ಅಂತ ಶುರುವಾಗುತ್ತದೆ.

ದೂರು ಕೊಟ್ಟೆ. ಕಂಪೆನಿಯ ಹುಡುಗ ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮೋಡೆಮ್ ಪಕ್ಕದಲ್ಲೇ ನಿಂತು ತನ್ನ ಮೊಬೈಲಿನಲ್ಲಿ ನೋಡಿ, ‘48 ಬರ್ತದೆ ಟೀಚರ್, ಏನೂ ಪ್ರಾಬ್ಲಂ ಇಲ್ಲ’ ಎಂದ. ಅವನು ಗೇಟು ದಾಟುವ ಮೊದಲೇ ದೂರು ಬಗೆಹರಿದಿದೆ ಎಂಬ ಮೆಸೇಜ್ ಬಂತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ಗಂಟೆಗೆ ನಿಜವಾಗಿಯೂ 48 ಬರುತ್ತದೆ.

ಸರಿ, ನಾನೇ ಲೆಕ್ಕ ಇಡೋಣ ಅನ್ನಿಸಿತು. ಕೇರಳದ ಸರಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಹಿಂದಿನ ‘ಐಟಿ ಅಟ್ ಸ್ಕೂಲ್’, ಈಗಿನ ‘ಕೈಟ್’, ಶಾಲೆಗಳ ಕಂಪ್ಯೂಟರ್ ಕಲಿಕೆ ನೋಡಿಕೊಳ್ಳುವ ಇವರ ತರಬೇತಿಗೆ ಹೋಗಿ ಬಂದ ಟೀಚರುಗಳಿಗೆ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಎಂಬ ಕಪ್ಪು ಕಿಟಕಿ ಹೊಸತೇನಲ್ಲ. ಅದರಲ್ಲಿ ನಡೆಯುವ ‘ಸ್ಪೀಡ್‌ಟೆಸ್ಟ್-ಸಿಎಲ್‌ಐ’ ಎಂಬ, ಇಂಟರ್ನೆಟ್ ವೇಗ ಅಳೆಯುವ ಪುಟ್ಟ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಹೆಸರು ಟೈಪ್ ಮಾಡಿ, ಮುಂದೆ ಎರಡು ಅಡ್ಡಗೆರೆ ಹಾಕಿ ‘ಸಿಂಪಲ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಮೂರೇ ಸಾಲಿನ ಉತ್ತರ: ಪಿಂಗ್ (ಆಚೆಯಿಂದ ಉತ್ತರ ಬರಲು ಹಿಡಿಯುವ ಹೊತ್ತು), ಡೌನ್‌ಲೋಡ್, ಅಪ್‌ಲೋಡ್. ಜಾಹೀರಾತು ಇಲ್ಲ, ತಿರುಗುವ ಮುಳ್ಳಿಲ್ಲ. ಇದರ ದೊಡ್ಡ ಉಪಕಾರ ಬೇರೆ ಇದೆ. ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಲಿನಕ್ಸಿನ ‘ಕ್ರಾನ್’ಗೆ ಸರಿಯಾಗಿ ಬರೆದುಕೊಟ್ಟರೆ ಅದೇ ಅಳೆಸಿ, ತಾರೀಕು ಗಂಟೆ ಸಮೇತ ಫೈಲಿಗೆ ಬರೆಸಿಡುತ್ತದೆ. ನಾವು ಊಟಕ್ಕೆ ಕೂತಿದ್ದರೂ ಲೆಕ್ಕ ನಡೆಯುತ್ತಿರುತ್ತದೆ.

ಫೈಲು ತೆರೆದರೆ ಚಿತ್ರ ಸ್ಪಷ್ಟ. ಹಗಲು 46, 48. ರಾತ್ರಿ ಎಂಟರಿಂದ ಹತ್ತರವರೆಗೆ 5, 6, ಜಾಸ್ತಿ ಎಂದರೆ 7. ಅಪ್‌ಲೋಡ್ ಒಂದಕ್ಕಿಂತ ಕೆಳಗೆ. ಪಾಠ ಮಾಡುವವರ ದನಿ, ಚಿತ್ರ ಮಕ್ಕಳಿಗೆ ಹೋಗುವುದು ಅಪ್‌ಲೋಡಿನಲ್ಲೇ, ಅದೇ ಮುಖ್ಯ ಅಲ್ವಾ? ಹನ್ನೊಂದೂವರೆ ದಾಟಿದರೆ ಮತ್ತೆ ಎಲ್ಲ ಸರಾಗ.

ಅಳೆಯುವಾಗ ಕೆಲವು ಎಚ್ಚರ ಬೇಕು. ನಮ್ಮ ಹಳೇ ಮನೆಗಳ ಮುರಕಲ್ಲಿನ ಗೋಡೆ ದಾಟುವಾಗ ವೈಫೈ ಅರ್ಧ ಸಾಯುತ್ತದೆ. ಅದಕ್ಕೆ ಕಂಪೆನಿಯನ್ನು ದೂರಿ ಪ್ರಯೋಜನವಿಲ್ಲ. ಮೋಡೆಮಿನಿಂದ ನೇರ ಕೇಬಲ್ ಹಾಕಿಯೇ ಅಳೆಯಬೇಕು. ಎರಡನೆಯದು, ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಫೈಲಿನ ಗಾತ್ರ ಇರುವುದು ಮೆಗಾಬೈಟಿನಲ್ಲಿ. ಒಂದು ಬೈಟಿಗೆ ಎಂಟು ಬಿಟ್, ಹಾಗಾಗಿ ಎಂಟರಿಂದ ಭಾಗಿಸಿದರೆ 50 ಎಂಬುದು 6.25 ಆಗುತ್ತದೆ. ಇದು ಮೋಸ ಅಲ್ಲ, ಇದಕ್ಕಾಗಿ ಜಗಳ ಬೇಡ. ಪರೀಕ್ಷೆಯೂ ಡೇಟಾ ತಿನ್ನುತ್ತದೆ. 50ರ ವೇಗದಲ್ಲಿ ಹತ್ತು ಸೆಕೆಂಡು ಡೌನ್‌ಲೋಡ್ ಆದರೆ 62 ಎಂಬಿ ಹೋಯಿತು. ಗಂಟೆಗೊಮ್ಮೆ ಇಡೀ ದಿನ ಓಡಿಸಿದರೆ ಒಂದೂವರೆ ಜಿಬಿ. ನಾನು ಹಗಲು ಎರಡು ಸಲ, ಸಂಜೆಯ ಮೇಲೆ ಅರ್ಧ ಗಂಟೆಗೊಮ್ಮೆ ಇಟ್ಟಿದ್ದೇನೆ.

ಸರ್ವರ್, ಅಂದರೆ ಅಳೆಯಲು ನಮ್ಮ ಕಂಪ್ಯೂಟರ್ ಡೇಟಾ ಕಳಿಸಿ ತರಿಸಿಕೊಳ್ಳುವ ಆಚೆ ಕಡೆಯ ಕಂಪ್ಯೂಟರಿನ ವಿಷಯವೂ ಉಂಟು. ಈ ಪ್ರೋಗ್ರಾಂ ಹತ್ತಿರದ ಸರ್ವರುಗಳಲ್ಲಿ ಬೇಗ ಉತ್ತರ ಕೊಟ್ಟದ್ದನ್ನು ತಾನೇ ಆರಿಸುತ್ತದೆ. ನಮ್ಮಲ್ಲಿ ಒಮ್ಮೆ ಮಂಗಳೂರು, ಒಮ್ಮೆ ಕೊಚ್ಚಿ. ಆರಿಸಿದ್ದು ಕಂಪೆನಿಯದೇ ಸರ್ವರ್ ಆದರೆ ಅಳತೆ ಅವರ ಅಂಗಳದೊಳಗೇ ಮುಗಿಯುತ್ತದೆ, ಹೊರಗಿನ ದಾರಿ ಹೇಗಿದೆ ಎಂದು ಗೊತ್ತಾಗುವುದಿಲ್ಲ. ಪಟ್ಟಿ ನೋಡಿ ಬೇರೆಯವರ ಒಂದು ಸರ್ವರಿನ ನಂಬರನ್ನು ಗೊತ್ತು ಮಾಡಿಕೊಂಡು ಯಾವಾಗಲೂ ಅದಕ್ಕೇ ಅಳೆಯುವುದು ಒಳ್ಳೆಯದು.

‘ರಾತ್ರಿ ಎಲ್ಲರೂ ಉಪಯೋಗಿಸ್ತಾರೆ, ಏನ್ಮಾಡೋದು’ ಎಂದು ಫೋನಿನಲ್ಲಿ ಹೇಳುತ್ತಾರೆ. ಗಣಿತದವಳು, ಸುಮ್ನೆ ಬಿಡಲಾಗಲಿಲ್ಲ. ಮನೆಮನೆಯ ಫೈಬರ್ ಸಾಮಾನ್ಯವಾಗಿ ಜಿಪಾನ್ ಎಂಬ ವ್ಯವಸ್ಥೆಯದು. ಒಂದು ಎಳೆಯನ್ನು ಕವಲು ಮಾಡಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಆ ಎಳೆಯ ಒಟ್ಟು ಡೌನ್‌ಲೋಡ್ ಸುಮಾರು 2,488 ಎಂಬಿಪಿಎಸ್. 64 ಮನೆಯವರೂ ಒಂದೇ ಹೊತ್ತಿಗೆ ಜಗ್ಗಿದರೂ ತಲಾ 38 ಸಿಗಬೇಕು. ನನಗೆ ಸಿಗುವುದು 6. ಹಾಗಾದರೆ ಇಕ್ಕಟ್ಟು ಇರುವುದು ನಮ್ಮ ರಸ್ತೆಯಲ್ಲಲ್ಲ, ಬಹುಶಃ ಅವರ ಸ್ಥಳೀಯ ಕಚೇರಿಯಿಂದ ಹೊರಗೆ ಹೋಗುವ ಲೈನಿನಲ್ಲಿ. ಅದನ್ನು ಹಿಗ್ಗಿಸುವುದು ಅವರ ಖರ್ಚು. ನನ್ನ ಮೋಡೆಮ್ ಆಫ್ ಮಾಡಿ ಆನ್ ಮಾಡಿದರೆ ಅದು ಹಿಗ್ಗುವುದಿಲ್ಲ.

ಬ್ರಾಡ್‌ಬ್ಯಾಂಡ್ ಎಂದರೆ ಏನು ಎಂಬ ಸರಕಾರದ ವ್ಯಾಖ್ಯೆಯಿಂದ ದೊಡ್ಡ ಆಸರೆಯೂ ಇಲ್ಲ. 2004ರಲ್ಲಿ 256 ಕೆಬಿಪಿಎಸ್ (ಒಂದು ಎಂಬಿಪಿಎಸ್‌ನ ಸುಮಾರು ಕಾಲು ಭಾಗ) ಇದ್ದರೆ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳುತ್ತಿತ್ತು, ಆಮೇಲೆ 512 ಆಯಿತು, 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಅದನ್ನು 2 ಎಂಬಿಪಿಎಸ್‌ಗೆ ಏರಿಸಿತು. ನನ್ನ ರಾತ್ರಿಯ 6 ಕೂಡ ಅದರಲ್ಲಿ ಪಾಸು! ಆದರೆ ನಾನು ತಿಂಗಳು ತಿಂಗಳು ದುಡ್ಡು ಕಟ್ಟುವುದು 2ಕ್ಕೆ ಅಲ್ಲ, 50ಕ್ಕೆ.

ಇಂಟರ್ನೆಟ್ ಕೊಡುವವರಲ್ಲಿ ನನ್ನ ಕೇಳಿಕೆ ಇಷ್ಟೇ. ಗ್ರಾಹಕರು ಕೇಬಲ್ ಹಾಕಿ ಅಳೆದ, ಹೊತ್ತು ಬರೆದಿಟ್ಟ ಲೆಕ್ಕವನ್ನು ದೂರಿನ ಜೊತೆ ತೆಗೆದುಕೊಳ್ಳಿ. ತೊಂದರೆ ಯಾವ ಗಂಟೆಗೆ ಎಂದು ಬರೆದಿದೆಯೋ ಅದೇ ಗಂಟೆಗೆ ನಿಮ್ಮ ಕಡೆಯಿಂದಲೂ ಅಳೆಯಿರಿ. ಅದಕ್ಕೆ ರಾತ್ರಿ ಪೆರ್ಲಕ್ಕೆ ಜನ ಕಳಿಸಬೇಕೆಂದೇನೂ ಇಲ್ಲ, ಕಚೇರಿಯಲ್ಲಿ ಕೂತೇ ಲೈನಿನ ಹೊರೆ ನೋಡಬಹುದು. ಗ್ರಾಹಕರು ಸರಿಯಾಯಿತು ಎನ್ನುವವರೆಗೆ ದೂರನ್ನು ಮುಚ್ಚಬೇಡಿ. ನನ್ನ ಫೈಲು ಸಿದ್ಧ ಇದೆ, ಯಾವ ವಿಳಾಸಕ್ಕೆ ಕಳಿಸಬೇಕು ಎಂದು ತಿಳಿಸಿದರೆ ಈವತ್ತೇ ಕಳಿಸುತ್ತೇನೆ.

ನಿವೃತ್ತ ಗಣಿತ ಅಧ್ಯಾಪಿಕೆ,
ಪೆರ್ಲ, ಕಾಸರಗೋಡು ಜಿಲ್ಲೆ